ಮೇಜಿಗೊಂದು ಮರ, ಪ್ಯಾಲೆಟ್‌ಗೊಂದು ಮರ

ರಜೆಯಲ್ಲಿ ನಾನು ಬಡಗಿಯಾದ ಮಾವನಿಗೆ ಸಹಾಯ ಮಾಡುತ್ತೇನೆ. ಹಾಗಾಗಿ ಗೆಳೆಯರು ‘ಯಾವ ಮರ ಒಳ್ಳೆಯದು?’ ಎಂದು ಕೇಳುತ್ತಿರುತ್ತಾರೆ. ಎಲ್ಲ ಕೆಲಸಕ್ಕೂ ಒಂದೇ ಮರ ಒಳ್ಳೆಯದಲ್ಲ. ಕೆಲಸ ನೋಡಿ ಮರ ಆರಿಸಬೇಕು.

ಸಾಗುವಾನಿಯಲ್ಲಿ ಸಹಜವಾಗಿ ಎಣ್ಣೆಯಂಶವಿದೆ. ಅದು ಗೆದ್ದಲನ್ನೂ ತೇವವನ್ನೂ ತಡೆಯುತ್ತದೆ, ಆದರೆ ದುಬಾರಿ. ಹಲಸು ಅದಕ್ಕಿಂತ ಅಗ್ಗ, ಬಾಳಿಕೆಯೂ ಬರುತ್ತದೆ. ರಬ್ಬರ್ ಮರಕ್ಕೆ ಬೋರಾನ್ ಸಂಸ್ಕರಣೆ ಮಾಡದಿದ್ದರೆ ಹುಳು ಹಿಡಿಯುತ್ತದೆ. ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು; ಹಸಿ ಹಲಗೆ ಆಮೇಲೆ ಕುಗ್ಗಿ ಸೊಟ್ಟಗಾಗುತ್ತದೆ.

ಸರಕು ಸಾಗಿಸುವ ಪ್ಯಾಲೆಟ್‌ಗೆ ಅಂದ ಬೇಕಿಲ್ಲ. ಹಗುರವಾಗಿದ್ದು, ಅಗ್ಗವಾಗಿ ಸಿಕ್ಕಿ, ಮೊಳೆ ಗಟ್ಟಿಯಾಗಿ ಹಿಡಿದರೆ ಸಾಕು. ಅದಕ್ಕೇ ಪೈನ್ ಹೆಚ್ಚು ಬಳಕೆಯಲ್ಲಿದೆ. ಆದರೆ ಮರದೊಳಗಿನ ಕೀಟ ದೇಶ ದಾಟಬಾರದಲ್ಲ! ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮದಂತೆ, ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ನಿಮಿಷ ಕೊಟ್ಟು ‘ಎಚ್‌ಟಿ’ ಎಂಬ ಮುದ್ರೆ ಒತ್ತುತ್ತಾರೆ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ ಎಂದರ್ಥ.

ಹಳೆಯ ಪ್ಯಾಲೆಟ್‌ನಿಂದ ಓದುವ ಮೇಜು, ತಮ್ಮ ತಂಗಿಯರಿಗೆ ಮಂಚ ಮಾಡುವ ಆಸೆ ಹಲವರಿಗಿದೆ. ಮಾಡಿ, ಆದರೆ ಮೊದಲು ಮುದ್ರೆ ನೋಡಿ. ‘ಎಂಬಿ’ ಎಂದಿದ್ದರೆ, ಮುದ್ರೆಯೇ ಇಲ್ಲದಿದ್ದರೆ ಅಥವಾ ರಾಸಾಯನಿಕ ಚೆಲ್ಲಿದ ಕಲೆಯಿದ್ದರೆ ಆ ಹಲಗೆ ಮನೆಗೆ ಬೇಡ. ಅದನ್ನು ಒಲೆಗೂ ಹಾಕಬೇಡಿ.