ಕಾಲೇಜಿನವರಿಗೆ ಕಲಿಸುವುದನ್ನು ಕಲಿಸುವವರು ಯಾರು?

ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಡಲು ಡಿ.ಎಡ್. ಬೇಕು. ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸಲು ಬಿ.ಎಡ್. ಬೇಕು. ಪದವಿ ಕಾಲೇಜಿನಲ್ಲಿ ಪಾಠ ಮಾಡಲು ಮಾತ್ರ ಇಂಥ ತರಬೇತಿ ಕಡ್ಡಾಯವಲ್ಲ. ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್ ಅಥವಾ ಸೆಟ್ ಪಾಸಾಗಿದ್ದರೆ, ಇಲ್ಲವೇ ಪಿಎಚ್.ಡಿ. ಆಗಿದ್ದರೆ ಸಾಕು. ನೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆಯೂ ಪ್ರಶ್ನೆಗಳಿರುತ್ತವೆ ನಿಜ. ಆದರೆ ಅವು ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು. ತುಂಬಿದ ತರಗತಿಯ ಮುಂದೆ ನಿಂತಾಗ ಏನು ಮಾಡಬೇಕೆಂಬುದು ಅದರಿಂದ ಗೊತ್ತಾಗುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಓದಿ, ಮದುವೆಯಾಗಿ ಮುಂಬಯಿ ಕಡೆ ಬಂದವಳು. ಮನೆ ಟಿಟ್ವಾಳಾದಲ್ಲಿ, ಕೆಲಸ ಕಲ್ಯಾಣದ ಕಾಲೇಜೊಂದರಲ್ಲಿ. ಬಿ.ಕಾಂ. ಮಕ್ಕಳಿಗೆ ಅಕೌಂಟೆನ್ಸಿ ಕಲಿಸುತ್ತೇನೆ. ನಮ್ಮ ವಿದ್ಯಾರ್ಥಿಗಳಲ್ಲಿ ಡೊಂಬಿವಲಿಯ ಫ್ಲ್ಯಾಟುಗಳಿಂದ ಬರುವವರಿದ್ದಾರೆ. ಖಡವಲಿ, ವಾಸಿಂದ್, ಆಸನಗಾಂವ್‌ಗಳಿಂದ ಬೆಳಗಿನ ಕಸಾರಾ ಲೋಕಲ್ ಹಿಡಿದು ಬರುವವರೂ ಇದ್ದಾರೆ. ಹತ್ತನೆಯವರೆಗೆ ಮರಾಠಿ ಮಾಧ್ಯಮದಲ್ಲಿ ಓದಿದವರು ಬಹಳ ಮಂದಿ. ಕೆಲವರ ಮನೆಮಾತು ಆಗ್ರಿ, ಕೆಲವರದು ವಾರ್ಲಿ, ಒಬ್ಬಿಬ್ಬರದು ನಮ್ಮ ಕನ್ನಡ. ಪಠ್ಯಪುಸ್ತಕ ಇಂಗ್ಲಿಷಿನದು. ಇವರೆಲ್ಲರಿಗೂ ಒಟ್ಟಿಗೆ ಪಾಠ ಮುಟ್ಟಿಸುವುದು ವಿಷಯ ಗೊತ್ತಿದ್ದ ಮಾತ್ರಕ್ಕೆ ಆಗುವ ಕೆಲಸವಲ್ಲ. ಅದು ಬೇರೆಯದೇ ವಿದ್ಯೆ, ಅದನ್ನೂ ಕಲಿಯಬೇಕು.

ಸರ್ಕಾರಕ್ಕೆ ಇದು ಮನವರಿಕೆಯಾಗಿ ಬಹಳ ಕಾಲವಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ ಯುಜಿಸಿ ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. 2015ರಲ್ಲಿ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರಲ್ಲಿ ಮಾಳವೀಯ ಮಿಷನ್ ಅಧ್ಯಾಪಕ ತರಬೇತಿ ಕೇಂದ್ರಗಳೆಂಬ ಹೆಸರು ಬಂತು. ಹೊಸದಾಗಿ ನೌಕರಿಗೆ ಸೇರಿದವರಿಗೆ ಒಂದು ತಿಂಗಳ ಪ್ರವೇಶ ತರಬೇತಿ, ಅನುಭವಿಗಳಿಗೆ ಎರಡು ವಾರಗಳ ರಿಫ್ರೆಶರ್, ಹೊಸ ಶಿಕ್ಷಣ ನೀತಿಯನ್ನು ಪರಿಚಯಿಸಲು ಆನ್‌ಲೈನಿನಲ್ಲಿ 36 ಗಂಟೆಗಳ ಕಾರ್ಯಕ್ರಮ, ಹೀಗೆ ವ್ಯವಸ್ಥೆಯೇನೋ ಇದೆ. ಬಡ್ತಿ ಸಿಗಬೇಕಾದರೆ ಇವುಗಳ ಸರ್ಟಿಫಿಕೇಟು ಬೇಕು.

ಮುಂಬಯಿ ವಿಶ್ವವಿದ್ಯಾಲಯದ ಕೇಂದ್ರ ಕಲೀನಾದಲ್ಲಿದೆ. ಟಿಟ್ವಾಳಾದಿಂದ ಕುರ್ಲಾವರೆಗೆ ಲೋಕಲ್, ಅಲ್ಲಿಂದ ಬಸ್ಸೋ ರಿಕ್ಷಾವೋ. ಅಲ್ಲಿ ಮಾಡಿದ ರಿಫ್ರೆಶರ್ ನನಗೆ ಉಪಯೋಗವಾಗಿದೆ. ರತ್ನಾಗಿರಿಯಿಂದಲೂ ಪಾಲ್ಘರ್‌ನಿಂದಲೂ ಬಂದವರ ಜೊತೆ ಕೂತಾಗ ನಮ್ಮ ಕಷ್ಟ ನಮ್ಮೊಬ್ಬರದೇ ಅಲ್ಲ ಎಂದು ತಿಳಿಯಿತು. ಕೊರತೆ ಕಾಣಿಸುವುದು ಕೋರ್ಸು ಮುಗಿಸಿ ಕಾಲೇಜಿಗೆ ಮರಳಿದ ಮೇಲೆ. ಅಲ್ಲಿ ಕಲಿತದ್ದನ್ನು ಇಲ್ಲಿ ಪ್ರಯತ್ನಿಸುವಾಗ ಜೊತೆಗೆ ಯಾರೂ ಇರುವುದಿಲ್ಲ. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ಎಷ್ಟು ಅಧ್ಯಾಪಕರು ತರಬೇತಿ ಪಡೆದರೆಂದು ಕೇಳುತ್ತದೆ, ನಾವು ಎಣಿಸಿ ಬರೆಯುತ್ತೇವೆ. ತರಗತಿಯಲ್ಲಿ ಏನು ಬದಲಾಯಿತು ಎಂಬುದು ಆ ಎಣಿಕೆಯಲ್ಲಿ ಸಿಗುವುದಿಲ್ಲ.

ಅಧ್ಯಾಪಕರಿಗೆ ನಿಜವಾದ ನೆರವು ಸಿಗಬೇಕಾದದ್ದು ಅವರದೇ ತರಗತಿಯಲ್ಲಿ, ಅವರದೇ ಸಹೋದ್ಯೋಗಿಗಳಿಂದ. ವರ್ಷಗಳ ಕೆಲಸ ನನಗೆ ಕಲಿಸಿದ್ದು ಇದನ್ನೇ.

ಕೊನೆಯ ಬೆಂಚಿನಿಂದ ಕಂಡದ್ದು

ನಮ್ಮ ವಿಭಾಗದಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ, "ಮ್ಯಾಡಮ್, ನನ್ನ ಕ್ಲಾಸಿಗೊಮ್ಮೆ ಬಂದು ಕೂತ್ಕೊಳ್ತೀರಾ? ಎಲ್ಲಿ ತಪ್ಪುತ್ತಿದೆಯೋ ತಿಳೀತಿಲ್ಲ" ಎಂದು ಕೇಳಿದ. ಅಂದು ಅವನ ಪಾಠ ಯಂತ್ರದ ಸವಕಳಿ. ಒಂದು ಲಕ್ಷ ರೂಪಾಯಿಯ ಯಂತ್ರ, ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ ಶೇ. 10ರಷ್ಟು ಸವಕಳಿ. ಮೊದಲ ವರ್ಷ ಹತ್ತು ಸಾವಿರ. "ಎರಡನೇ ವರ್ಷ ಎಷ್ಟು?" ಎಂದು ಕೇಳಿದವನು ಉಸಿರು ಬಿಡುವ ಮುಂಚೆಯೇ "ಒಂಬತ್ತು ಸಾವಿರ" ಎಂದು ಬೋರ್ಡಿನ ಮೇಲೆ ಬರೆದು ಮುಂದೆ ಹೋದ. ನಾನು ಕೊನೆಯ ಬೆಂಚಿನಲ್ಲಿ ಕೂತು ಎರಡು ಸಂಗತಿಗಳನ್ನಷ್ಟೇ ಬರೆದುಕೊಳ್ಳುತ್ತಿದ್ದೆ: ಅವನು ಕೇಳಿದ ಪ್ರಶ್ನೆ ಯಾವುದು, ಉತ್ತರ ಕೊಟ್ಟವರು ಯಾರು. ಪೀರಿಯಡ್ ಮುಗಿಯುವಾಗ ಪ್ರಶ್ನೆಗಳ ಸಾಲು ಉದ್ದವಿತ್ತು; ಉತ್ತರದ ಸಾಲಿನಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಅವನ ಹೆಸರೇ ಇತ್ತು.

ಕ್ಯಾಂಟೀನಿನಲ್ಲಿ ಕಟಿಂಗ್ ಚಹಾ ಕುಡಿಯುತ್ತ ಆ ಹಾಳೆಯನ್ನು ಅವನ ಕೈಗೆ ಕೊಟ್ಟೆ. ಒಳ್ಳೆಯದು, ಕೆಟ್ಟದ್ದು ಎಂದು ಏನೂ ಹೇಳಲಿಲ್ಲ. ತಾನು ಉತ್ತರಕ್ಕೆ ಕಾಯುತ್ತಲೇ ಇಲ್ಲವೆಂದು ಅವನೇ ಓದಿ, ಅವನೇ ಕಂಡುಕೊಂಡ. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸುವವರೂ ಹೆಚ್ಚುತ್ತಾರೆ.

ಮುಂದಿನ ತರಗತಿಯಲ್ಲಿ ಅವನು ಅಂಥದೇ ಪ್ರಶ್ನೆ ಕೇಳಿ ಸುಮ್ಮನೆ ನಿಂತ. ಹಿಂದಿನ ಸಾಲಿನ ಹುಡುಗಿಯೊಬ್ಬಳು "ಹತ್ತು ಸಾವಿರ" ಎಂದಳು. ಹೇಗೆ ಎಂದು ಕೇಳಿದಾಗ, "ಲಕ್ಷಕ್ಕೆ ಹತ್ತು ಪರ್ಸೆಂಟ್ ಅಲ್ವಾ ಸರ್" ಎಂದಳು. ಅವಳ ಲೆಕ್ಕ ಸುಳ್ಳಲ್ಲ; ಪ್ರತಿ ವರ್ಷವೂ ಮೂಲ ಬೆಲೆಯ ಮೇಲೆಯೇ ಸವಕಳಿ ಹಾಕುವ ಇನ್ನೊಂದು ಪದ್ಧತಿಯೂ ಇದೆ. ಎರಡು ಪದ್ಧತಿಗಳು ಬೇರೆಯಾಗುವ ಜಾಗದಲ್ಲೇ ಅವಳು ಸಿಕ್ಕಿಹಾಕಿಕೊಂಡಿದ್ದಳು. ಆ ಜಾಗ ಕಂಡ ಮೇಲೆ ಅವನು ಎರಡನ್ನೂ ಅಕ್ಕಪಕ್ಕ ಬರೆಸಿದ. ಒಂಬತ್ತು ಸಾವಿರ ಎಂದು ತಾನೇ ಬರೆದು ಮುಂದೆ ಹೋಗಿದ್ದರೆ ಆ ಗೊಂದಲ ಪರೀಕ್ಷೆಯ ದಿನದವರೆಗೂ ಅವಳ ಜೊತೆಗೇ ಇರುತ್ತಿತ್ತು.

ಮಕ್ಕಳನ್ನೂ ಕೇಳಬೇಕು

ಇನ್ನೊಂದು ವಿಧಾನವೂ ಬಹಳ ಸರಳ. ಸೆಮಿಸ್ಟರಿನ ನಡುವೆ ಪಾಠ ಮಾಡುವವರು ಹೊರಗೆ ಹೋಗುತ್ತಾರೆ, ಅವರ ಸಹೋದ್ಯೋಗಿಯೊಬ್ಬರು ತರಗತಿಗೆ ಬರುತ್ತಾರೆ. ಮಕ್ಕಳು ಸಣ್ಣ ಗುಂಪುಗಳಲ್ಲಿ ಕೂತು ಮಾತಾಡುತ್ತಾರೆ: ಕಲಿಯಲು ಯಾವುದು ನೆರವಾಗುತ್ತಿದೆ, ಯಾವುದು ಅಡ್ಡಿಯಾಗುತ್ತಿದೆ, ಏನು ಬದಲಾದರೆ ಒಳ್ಳೆಯದು. ಯಾರ ಹೆಸರೂ ಇಲ್ಲದೆ ಸಾರಾಂಶ ಮಾತ್ರ ಅಧ್ಯಾಪಕರಿಗೆ ತಲುಪುತ್ತದೆ. ವರ್ಷದ ಕೊನೆಯಲ್ಲಿ ತುಂಬಿಸುವ ಫಾರ್ಮಿನಿಂದ ಈಗಿನ ಮಕ್ಕಳಿಗೆ ಲಾಭವಿಲ್ಲ. ನಡುವೆಯೇ ಕೇಳಿದರೆ ಅವರಿಗೇ ಪ್ರಯೋಜನ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರ ಬೋಧನೆಗೆ ನೆರವಾಗಲೆಂದೇ 1962ರಿಂದ ಒಂದು ಕೇಂದ್ರವಿದ್ದು, ಇಂಥ ಕೆಲಸ ಅಲ್ಲಿ ದಿನನಿತ್ಯದ್ದು. ಅಲ್ಲಿ ಕಂಡದ್ದು, ಕೇಳಿದ್ದು ಅಧ್ಯಾಪಕರ ನಡುವೆಯೇ ಉಳಿಯುತ್ತದೆ. ಬಡ್ತಿಯ ಕಡತಕ್ಕೆ ಹೋಗುವುದಿಲ್ಲ. ಈ ಭರವಸೆ ಇಲ್ಲದಿದ್ದರೆ ಯಾರೂ ತಮ್ಮ ತರಗತಿಯ ಬಾಗಿಲು ತೆರೆಯುವುದಿಲ್ಲ.

ನಮ್ಮಲ್ಲೂ ಒಳ್ಳೆಯ ಮಾದರಿಗಳಿವೆ. ಐಐಟಿ ಬಾಂಬೆಯಲ್ಲಿ ಪ್ರೊ. ದೀಪಕ್ ಫಾಟಕ್ ಅವರ ನೇತೃತ್ವದಲ್ಲಿ ನಡೆದ 'ಹತ್ತು ಸಾವಿರ ಅಧ್ಯಾಪಕರ ಜೊತೆ ಮಾತು' ಯೋಜನೆಯಲ್ಲಿ ದೂರದೂರಿನವರು ಪವಾಯಿಗೆ ಬರಬೇಕಿರಲಿಲ್ಲ. ತಮ್ಮ ಊರಿಗೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲೇ ಕೂತು ನೇರ ಪ್ರಸಾರದಲ್ಲಿ ಭಾಗವಹಿಸಿದರು. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ಅಭಿವೃದ್ಧಿ ಕೇಂದ್ರ ವಿಜ್ಞಾನ ಅಧ್ಯಾಪಕರನ್ನು ಕರೆಸಿ, ಪ್ರಯೋಗಗಳನ್ನು ಅವರ ಕೈಯಿಂದಲೇ ಮಾಡಿಸುತ್ತದೆ. ಎರಡೂ ಕಡೆ ಅಧ್ಯಾಪಕರ ದಿನನಿತ್ಯದ ಕೆಲಸಕ್ಕೆ ಹತ್ತಿರ ಬರುವ ಪ್ರಯತ್ನವಿದೆ.

ಈ ನೆರವಿನಿಂದ ಹೊರಗುಳಿಯುವವರ ಬಗ್ಗೆಯೂ ಹೇಳಲೇಬೇಕು. ಮಹಾರಾಷ್ಟ್ರದ ಕಾಲೇಜುಗಳಲ್ಲಿ ಪಾಠದ ಲೆಕ್ಕದಲ್ಲಿ ಸಂಬಳ ಪಡೆಯುವ ಸಿಎಚ್‌ಬಿ ಅಧ್ಯಾಪಕರಿದ್ದಾರೆ, ಕರ್ನಾಟಕದಲ್ಲಿ ಅತಿಥಿ ಉಪನ್ಯಾಸಕರಿದ್ದಾರೆ. ಸವಕಳಿ ಪಾಠ ಮಾಡಿದ ಆ ಹುಡುಗನೂ ಸಿಎಚ್‌ಬಿಯವನೇ. ಎರಡು ವಾರ ಕೋರ್ಸಿಗೆ ಹೋದರೆ ಅಷ್ಟು ಪಾಠ ತಪ್ಪುತ್ತದೆ, ಅಷ್ಟು ಸಂಬಳವೂ ತಪ್ಪುತ್ತದೆ. ಹೀಗೆ ನೆರವು ಎಲ್ಲರಿಗಿಂತ ಹೆಚ್ಚು ಬೇಕಾದವರಿಗೇ ಅದು ದುಬಾರಿ. ತರಬೇತಿಯ ದಿನಗಳನ್ನು ಪಾಠದ ದಿನಗಳೆಂದೇ ಎಣಿಸಿ ಅವರಿಗೆ ಸಂಬಳ ಕೊಡಬೇಕು.

ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು 700ಕ್ಕೂ ಹೆಚ್ಚು. ಅಷ್ಟೂ ಕಡೆಯ ಅಧ್ಯಾಪಕರ ಭಾರವನ್ನು ಕಲೀನಾದ ಒಂದು ಕೇಂದ್ರ ಹೊರಲಾರದು. ವಿಶ್ವವಿದ್ಯಾಲಯದ ಉಪಕೇಂದ್ರಗಳು ಠಾಣೆಯಲ್ಲೂ ಕಲ್ಯಾಣದಲ್ಲೂ ಇವೆ. ತಿಂಗಳಿಗೊಂದು ಶನಿವಾರ ಸುತ್ತಲ ಕಾಲೇಜುಗಳ ಅಧ್ಯಾಪಕರು ಅಲ್ಲಿ ಸೇರಿ, ತಮ್ಮ ತರಗತಿಯ ಒಂದೊಂದು ಕಷ್ಟವನ್ನು ಮುಂದಿಟ್ಟು ಮಾತಾಡಬಹುದು. ಪ್ರತಿ ಕಾಲೇಜಿನಲ್ಲೂ ಅನುಭವಿಯೊಬ್ಬರಿಗೆ ವಾರದಲ್ಲಿ ಎರಡು ಪೀರಿಯಡ್ ಕಡಿಮೆ ಮಾಡಿ, ಹೊಸಬರ ತರಗತಿಯಲ್ಲಿ ಕೂರುವ ಕೆಲಸ ಒಪ್ಪಿಸಬಹುದು. ಇದಕ್ಕೆ ಕಟ್ಟಡ ಬೇಡ, ಹೊಸ ಹೆಸರೂ ಬೇಡ. ಟೈಂಟೇಬಲ್‌ನಲ್ಲಿ ಜಾಗ ಸಿಕ್ಕರೆ ಸಾಕು.

ತಂದೆತಾಯಿಗಳಲ್ಲಿ ನನ್ನದೊಂದು ಮಾತು. ಮಕ್ಕಳ ಅಡ್ಮಿಷನ್ನಿಗೆ ಹೋದಾಗ ನೀವು ಫಲಿತಾಂಶ, ಪ್ಲೇಸ್‌ಮೆಂಟ್, ಫೀಸು ಎಲ್ಲ ಕೇಳುತ್ತೀರಿ. ಅದರ ಜೊತೆ ಇದನ್ನೂ ಕೇಳಿ: ಹೊಸದಾಗಿ ಬಂದ ಅಧ್ಯಾಪಕರಿಗೆ ನಿಮ್ಮ ಕಾಲೇಜಿನಲ್ಲಿ ಯಾರು ನೆರವಾಗುತ್ತಾರೆ? ನಾಲ್ಕು ಜನ ಕೇಳತೊಡಗಿದರೆ ಆಡಳಿತ ಮಂಡಳಿಯವರು ಉತ್ತರ ಸಿದ್ಧಮಾಡಿಕೊಳ್ಳಲೇಬೇಕಾಗುತ್ತದೆ.