ಅತ್ತೆ ತಟ್ಟಿದರೆ ಜೀವ ಬರುವ ರಿಮೋಟ್

ಮೇ ತಿಂಗಳ ರಾತ್ರಿ. ಚೆನ್ನೈನ ಟಿ. ನಗರದ ನಮ್ಮ ಮನೆಯಲ್ಲಿ ರಿಮೋಟ್ ಎಷ್ಟು ಒತ್ತಿದರೂ ಎಸಿ ಅಲುಗಲಿಲ್ಲ. ಅತ್ತೆ ಅದನ್ನು ಇಸಿದುಕೊಂಡು ಅಂಗೈಗೆ ಎರಡು ಸಲ ತಟ್ಟಿ, ಹಿಂದಿನ ಮುಚ್ಚಳ ಸರಿಸಿ, ಸೆಲ್‌ಗಳನ್ನು ಬೆರಳಿನಿಂದ ಗರಗರ ತಿರುಗಿಸಿ, "ಈಗ ಒತ್ತಿ ನೋಡಮ್ಮ" ಎಂದರು. ಎಸಿ ಬೀಪ್ ಎಂದಿತು.

ಅತ್ತೆಯ ಈ ವಿದ್ಯೆಗೆ ಗಟ್ಟಿಯಾದ ಕಾರಣವಿದೆ. ಸಮುದ್ರ ಹತ್ತಿರವಿರುವ ಚೆನ್ನೈನಲ್ಲಿ ಗಾಳಿಯ ತೇವಕ್ಕೆ ಸೆಲ್‌ನ ತುದಿಗೂ ಸ್ಪ್ರಿಂಗಿಗೂ ಕಿಲುಬಿನ ತೆಳುವಾದ ಪೊರೆ ಕಟ್ಟುತ್ತದೆ. ಒಂದೂವರೆ ವೋಲ್ಟಿನ ಪುಟ್ಟ ಸೆಲ್‌ಗೆ ಆ ಪೊರೆಯೇ ಗೋಡೆ. ತಿರುಗಿಸಿದಾಗ ಪೊರೆ ಕೆರೆದು ಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಆದರೆ ಅದು ಅಂದಿನ ಮಟ್ಟಿಗೆ ಮಾತ್ರ. ವಾರ ಕಳೆದು ಮತ್ತೆ ತೆರೆದರೆ ಸ್ಪ್ರಿಂಗಿನ ಬುಡದಲ್ಲಿ ಉಪ್ಪಿನಂಥ ಬಿಳಿ ಪುಡಿ, ಅಂಚಿನಲ್ಲಿ ಹಸಿರು. ಸೆಲ್ ಸೋರಿತ್ತು.

ಆಲ್ಕಲೈನ್ ಸೆಲ್‌ನಿಂದ ಸೋರುವುದು ಕ್ಷಾರ. ಹತ್ತಿ ಸುತ್ತಿದ ಕಡ್ಡಿಗೆ ಒಂದೆರಡು ಹನಿ ನಿಂಬೆರಸ ಹಾಕಿ ಒರೆಸಿದರೆ ಪುಡಿ ಕರಗುತ್ತದೆ. ಅಗ್ಗದ ಸಾಮಾನ್ಯ ಸೆಲ್‌ನದು ಆಮ್ಲ. ಅದಕ್ಕೆ ಅಡುಗೆ ಸೋಡಾ ಕಲಸಿದ ನೀರು ಬೇಕು. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಹೊಸ ಸೆಲ್ ಹಾಕಬೇಕು, ಎರಡನ್ನೂ ಒಟ್ಟಿಗೆ. ಹಳೆಯದರ ಜೊತೆ ಹೊಸದನ್ನು ಕೂಡಿಸಿದರೆ ಹಳೆಯದು ಬೇಗ ಸೋರುತ್ತದೆ.

ಸೆಲ್ ಸರಿಯಿದ್ದೂ ಕೆಲಸ ಮಾಡದಿದ್ದರೆ ಮೊಬೈಲ್ ಕ್ಯಾಮೆರಾ ತೆರೆಯಿರಿ. ರಿಮೋಟಿನ ಮೂತಿಯ ಬಲ್ಬು ಹೊಮ್ಮಿಸುವುದು ಸುಮಾರು 940 ನ್ಯಾನೋಮೀಟರಿನ ಅವಕೆಂಪು ಬೆಳಕು. ಅದು ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಸೆಲ್ಫಿ ಕ್ಯಾಮೆರಾದಲ್ಲಿ ಹೆಚ್ಚಾಗಿ ಇನ್ನೂ ಚೆನ್ನಾಗಿ. ಬಟನ್ ಒತ್ತಿದಾಗ ನೇರಳೆ ಮಿನುಗು ಕಂಡರೆ ರಿಮೋಟ್ ಜೀವಂತವಿದೆ, ತೊಂದರೆ ಎಸಿಯ ಕಡೆ ಇರಬಹುದು. ಒತ್ತದೆಯೂ ಮಿನುಗುತ್ತಿದ್ದರೆ ಯಾವುದೋ ಬಟನ್ ಒಳಗೇ ಸಿಕ್ಕಿಕೊಂಡಿದೆ, ಸೆಲ್ ಬೇಗ ಮುಗಿಯುವುದೂ ಅದರಿಂದಲೇ. ಮಾತು ಕೇಳುವ ಹೊಸ ಟಿವಿ ರಿಮೋಟುಗಳಿಗೆ ಈ ಪರೀಕ್ಷೆ ಎಲ್ಲ ಸಲ ಹೊಂದದು. ಅವುಗಳಲ್ಲಿ ಬಹಳಷ್ಟು ಬ್ಲೂಟೂತ್‌ನಿಂದ ನಡೆಯುವಂಥವು, ಟಿವಿಯೊಂದಿಗೆ ಮತ್ತೆ ಜೋಡಿಸಬೇಕಾಗುತ್ತದೆ.

ಒಂದೆರಡು ಬಟನ್ ಮಾತ್ರ ಸತ್ತಿವೆಯೆ? ರಬ್ಬರ್ ಹಾಳೆಯ ಕೆಳಗಿನ ಕಪ್ಪು ಇಂಗಾಲದ ಚುಕ್ಕೆಯೇ ಸರ್ಕ್ಯೂಟನ್ನು ಕೂಡಿಸುವ ಸೇತುವೆ. ಬೆವರು, ಎಣ್ಣೆಕೈ, ಚಟ್ನಿ ಇಳಿದು ಅಲ್ಲಿ ಜಿಡ್ಡು ಕಟ್ಟುತ್ತದೆ. ರಿಮೋಟ್ ಬಿಚ್ಚಿ, ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಮೆಲ್ಲಗೆ ಒರೆಸಿ. ಜೋರಾಗಿ ಉಜ್ಜಿದರೆ ಇಂಗಾಲವೇ ಕಿತ್ತು ಬರುತ್ತದೆ.

ಎಸಿ ರಿಮೋಟಿನ ಗುಣವೇ ಬೇರೆ. ಟಿವಿ ರಿಮೋಟ್ ಒಂದು ಒತ್ತಿಗೆ ಒಂದು ಆಜ್ಞೆ ಕಳಿಸಿದರೆ, ಇದು ಸಾಮಾನ್ಯವಾಗಿ ಪ್ರತಿ ಒತ್ತಿಗೂ ತಾಪಮಾನ, ಫ್ಯಾನ್, ಮೋಡ್ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. ಪರದೆಯ ಅಂಕಿ ರಿಮೋಟಿನ ಸ್ವಂತ ಲೆಕ್ಕ, ಎಸಿಯಿಂದ ಬಂದ ಉತ್ತರವಲ್ಲ. ಹಾಗಾಗಿ ರಿಮೋಟಿನಲ್ಲಿ 24 ತೋರಿಸುತ್ತಿದ್ದರೂ ಎಸಿಗೆ ಆ ಸುದ್ದಿ ಮುಟ್ಟದೆ ಇರಬಹುದು. ಬೀಪ್ ಕೇಳಿಸಿತೇ ಎಂಬುದೇ ಸಾಕ್ಷಿ. ಪರದೆಯಲ್ಲಿ ಬೀಗದ ಚಿತ್ರ ಕಂಡರೆ ಮಕ್ಕಳ ಲಾಕ್ ಬಿದ್ದಿದೆ ಎಂದರ್ಥ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಹೊಸದು ಕೊಳ್ಳಲು ಚೆನ್ನೈನ ಎಲೆಕ್ಟ್ರಾನಿಕ್ಸ್ ಪೇಟೆಯಾದ ರಿಚ್ಚಿ ಸ್ಟ್ರೀಟಿಗೆ ಹೋಗುವಾಗ, ಹೊಂದುವುದನ್ನು ಆರಿಸಲು ಹಳೆಯ ರಿಮೋಟನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಒಂದು ಮಾತು ಮಾತ್ರ ಮರೆಯಬೇಡಿ. ಕೆಲವು ಪುಟ್ಟ ರಿಮೋಟುಗಳಲ್ಲಿ ನಾಣ್ಯದಂಥ ಬಟನ್ ಸೆಲ್ ಇರುತ್ತದೆ. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಮುಚ್ಚಳ ಸಡಿಲವಾಗಿದ್ದರೆ ಇವತ್ತೇ ಟೇಪ್ ಸುತ್ತಿ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.