ಹಳೇ ಬಾಕ್ಸು, ಹೊಸ ಡ್ಯಾಕು: ನಂಬಿಕೆ ಎಷ್ಟು, ನಿಜ ಎಷ್ಟು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹಳೇ ಸ್ಪೀಕರ್ ಬಾಕ್ಸು ಕೊಳ್ಳುವವರ ಮೊದಲ ಮಾತು, ‘ಹಳೇ ಮಾಲು ಗಟ್ಟಿ ಮಾಲು’. ಕಟ್ಟಿಗೆಯ ಮಟ್ಟಿಗೆ ಇದು ನಿಜ. ಆದರೆ ಕೋನಿನ ಅಂಚಿಗೆ ಫೋಮ್ ಇದ್ದರೆ, ಬಾಕ್ಸು ಬಳಸಿದರೂ ಬಿಟ್ಟರೂ ಹದಿನೈದಿಪ್ಪತ್ತು ವರ್ಷದಲ್ಲಿ ಅದು ಪುಡಿಯಾಗುತ್ತದೆ. ಮುಂದಿನ ಜಾಲರಿ ತೆಗೆಸಿ ಅಂಚನ್ನು ಮೆಲ್ಲಗೆ ಮುಟ್ಟಿ ನೋಡಿ. ಬೆರಳಿಗೆ ಅಂಟಿದರೆ, ಉದುರಿದರೆ, ಅದರ ಕತೆ ಮುಗಿದಂತೆ. ಬಟ್ಟೆ ಇಲ್ಲವೇ ರಬ್ಬರಿನ ಅಂಚು ಹೆಚ್ಚು ಬಾಳುತ್ತದೆ. ಆಮೇಲೆ ಕೋನನ್ನು ಎರಡೂ ಕಡೆಯಿಂದ ಸಮನಾಗಿ ತುಸು ಒತ್ತಿ. ಕರ್ರ್ ಎಂದರೆ ಒಳಗೆ ಕಾಯಿಲ್ ಉಜ್ಜುತ್ತಿದೆ, ಅಂಥದ್ದು ಬೇಡ. ದಪ್ಪ ದನಿ, ಸಣ್ಣ ದನಿಗಳನ್ನು ಬೇರೆ ಮಾಡಿ ಹಂಚುವ ಕ್ರಾಸ್‌ಓವರಿನ ಕೆಪಾಸಿಟರ್ ಒಣಗಿದ್ದರೆ ಹೆದರಬೇಕಿಲ್ಲ, ಬದಲಿಸುವುದು ದೊಡ್ಡ ಖರ್ಚಲ್ಲ.

ವ್ಯಾಟ್ ಜಾಸ್ತಿಯಾದರೆ ಸಪ್ಪಳ ಜಾಸ್ತಿ ಎಂಬುದೂ ಅರ್ಧ ಸತ್ಯವೇ. ಸೆನ್ಸಿಟಿವಿಟಿ, ಅಂದರೆ ಅಷ್ಟೇ ವ್ಯಾಟಿಗೆ ಎಷ್ಟು ದನಿ ಕೊಡುತ್ತದೆಂಬ ಅಳತೆ, 93 ಡೆಸಿಬೆಲ್ ಇರುವ ಬಾಕ್ಸು 20 ವ್ಯಾಟಿನಲ್ಲಿ ಕೊಡುವ ದನಿಗೆ, 90 ಡೆಸಿಬೆಲ್‌ನದಕ್ಕೆ 40 ವ್ಯಾಟ್ ಬೇಕು. ಇನ್ನು ಜಾತ್ರೆಯ ಮೈಕ್‌ಸೆಟ್ಟಿನ ಹಾರ್ನನ್ನು ಮನೆಗೆ ತರುವ ಹುಮ್ಮಸ್ಸು ಕೆಲವರಿಗಿದೆ. ಅದು ಮಾತು ದೂರಕ್ಕೆ ಮುಟ್ಟಲೆಂದು ಮಾಡಿದ್ದು. ತಬಲಾದ ಎಡಗೈ ಅದರಲ್ಲಿ ಕೇಳುವುದೇ ಇಲ್ಲ.

ಡಿಜಿಟಲ್ ದನಿಯನ್ನು ಅನಲಾಗ್‌ಗೆ ತಿರುಗಿಸುವ ಡ್ಯಾಕಿನ ಬಗ್ಗೆಯಂತೂ ನಂಬಿಕೆಗಳ ಸಂತೆಯೇ ಇದೆ. ‘ಡಿಜಿಟಲ್‌ನಲ್ಲಿ ದನಿ ಮೆಟ್ಟಿಲು ಮೆಟ್ಟಿಲಾಗಿ ತುಂಡಾಗುತ್ತದೆ’ ಎನ್ನುತ್ತಾರೆ. ಇಲ್ಲ. ಸಿ.ಡಿ. ಸೆಕೆಂಡಿಗೆ 44,100 ಸಲ ಅಳತೆ ತೆಗೆಯುತ್ತದೆ. 20,000 ಹರ್ಟ್ಜ್‌ವರೆಗೆ, ಅಂದರೆ ಎಳೆಯ ಕಿವಿಗೆ ಕೇಳುವಷ್ಟಕ್ಕೆಲ್ಲ ಇದು ಸಾಕು. ಡ್ಯಾಕಿನಿಂದ ಹೊರಬರುವುದು ಕಡಿಯದ ಅಲೆಯೇ. ಐವತ್ತು ದಾಟಿದವರಿಗೆ 20,000 ಹರ್ಟ್ಜ್‌ನ ಆಸುಪಾಸಿನ ಭಾಗ ಹೇಗೂ ಕೇಳದು. ಹಾಗಿದ್ದರೆ 192 ಕಿಲೋಹರ್ಟ್ಜ್ ಎಂದು ಬರೆದ ದುಬಾರಿ ಡ್ಯಾಕು ಯಾಕೆ? ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ತಟ್ಟೆಯಲ್ಲಿ ದಾಖಲಾಗದ ದನಿಯನ್ನು ಯಾವ ಡ್ಯಾಕೂ ಹುಟ್ಟಿಸಲಾರದು. ಆ ದುಡ್ಡು ಬಾಕ್ಸಿಗೆ ಹಾಕುವುದೇ ಮೇಲು.

ಲ್ಯಾಪ್‌ಟಾಪಿಗೆ ಡ್ಯಾಕು ಹಚ್ಚಿದ ಕೂಡಲೇ ಬಾಕ್ಸು ಗುಂಯ್ ಎಂದರೆ ಬೈಗುಳ ಬೀಳುವುದೂ ಡ್ಯಾಕಿಗೇ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಸದ್ದು ನಿಂತರೆ ತಪ್ಪು ಡ್ಯಾಕಿನದಲ್ಲ, ಅರ್ಥಿಂಗಿನದು. ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಒಣಗಿ ಬಿರಿದಾಗ ಅರ್ಥ್ ಗುಂಡಿಯ ಹಿಡಿತ ತಪ್ಪುತ್ತದೆ. ಅದಕ್ಕೆ ನೀರು ಹಾಕಿಸಿ, ವೈರಿಂಗ್ ತೋರಿಸಿ. ಲ್ಯಾಪ್‌ಟಾಪನ್ನೂ ಆಂಪ್ಲಿಫೈಯರನ್ನೂ ಒಂದೇ ಬೋರ್ಡಿಗೆ ಹಚ್ಚಿದರೂ ಎಷ್ಟೋ ಸಲ ಗುಂಯ್ ಅಡಗುತ್ತದೆ. ಸದ್ದು ನಿಲ್ಲಿಸಲು ಪ್ಲಗ್ಗಿನ ಮೂರನೇ ಪಿನ್ನು ಮುರಿಯುವವರೂ ಇದ್ದಾರೆ. ಅದು ಮಾತ್ರ ಬೇಡ, ಕರೆಂಟು ಹೊಡೆದೀತು.